ಅಣ್ಣನ ಕಾರು, ಅವ್ವನ ಸಮುದ್ರಸ್ನಾನ

ನಮ್ಮ ಅಣ್ಣನ ಕಾರು ಗುಜರಿಗೆ ಹೋಗಿ ಎಷ್ಟೋ ವರ್ಷಗಳಾದವು. ಅದರ ಮೇಲಿನ ನನ್ನ ಸಿಟ್ಟು ಮಾತ್ರ ಇನ್ನೂ ಹಾಗೆಯೇ ಇದೆ. ಕಾರಿನ ಮೇಲೇಕೆ ಸಿಟ್ಟು, ಪಾಪ ಅದಕ್ಕೇನು ಗೊತ್ತು ಎಂದು ನೀವು ಕೇಳಬಹುದು. ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳು ಅಣ್ಣನ ಮೇಲೆ ನೇರವಾಗಿ ಸಿಟ್ಟು ಮಾಡುವ ಪದ್ಧತಿ ಇರಲಿಲ್ಲ. ಅವನನ್ನು ಬೈಯುವ ಹಾಗಿಲ್ಲ ಅಂದ ಮೇಲೆ ಕಾರನ್ನಾದರೂ ಬೈದುಕೊಳ್ಳುತ್ತೇನೆ.

ಆಗ ಎಪ್ಪತ್ತರ ದಶಕ ಇನ್ನೂ ಹೊಸದು. ನಾನು ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಟೀಚರು, ಜೋಗೇಶ್ವರಿಯ ಚಾಳಿನ ಒಂದೂವರೆ ಕೋಣೆಯಲ್ಲಿ ಅವ್ವನೂ ನಾನೂ ಇದ್ದೆವು. ಅಣ್ಣ ಒಂದು ಕಂಪನಿಯಲ್ಲಿ ಆಫೀಸರು, ಸಯನ್‌ನಲ್ಲಿ ಫ್ಲಾಟು. ಅವನ ಫ್ಲಾಟಿನಲ್ಲಿ ಎರಡು ಬೆಡ್‌ರೂಮುಗಳಿದ್ದವು, ಆದರೆ ಅವ್ವನಿಗೆ ಜಾಗವಿರಲಿಲ್ಲ. ಯಾಕೆ ಎಂದು ಅವ್ವ ಕೇಳಲಿಲ್ಲ, ನಾನೂ ಕೇಳಲಿಲ್ಲ. ಆ ವರ್ಷ ಅಣ್ಣ ಒಂದು ಸೆಕೆಂಡ್‌ಹ್ಯಾಂಡ್ ಕಾರು ಕೊಂಡ. ವಿಜಾಪುರದ ಕಡೆಯಿಂದ ಬಂದ ನಮ್ಮ ಬಳಗದಲ್ಲೆಲ್ಲ ಅದೇ ಮೊದಲ ಕಾರು. ಅವ್ವ ಅದರ ಬಾನೆಟ್ಟಿಗೆ ಅರಿಶಿನ ಕುಂಕುಮ ಹಚ್ಚಿ, ಕಣ್ಣೀರು ಒರೆಸಿಕೊಂಡು, ಚಾಳಿನ ಅಷ್ಟೂ ಬಾಗಿಲುಗಳಿಗೆ ಸಕ್ಕರೆ ಹಂಚಿ ಬಂದಳು.

ಅವ್ವನದು ಒಂದು ಹಳೆಯ ಹರಕೆ ಬಾಕಿ ಇತ್ತು. ಅಣ್ಣನಿಗೆ ಏಳು ವರ್ಷವಾಗಿದ್ದಾಗ ವಿಷಮಜ್ವರ ಬಂದು ಇಪ್ಪತ್ತೊಂದು ದಿನ ಕಣ್ಣು ಬಿಡಲಿಲ್ಲವಂತೆ. ವೈದ್ಯರು ಕೈಚೆಲ್ಲಿದ ದಿನ, ಗೋಕರ್ಣಕ್ಕೆ ಹೋಗಿ ಬಂದ ಯಾರೋ ಮುದುಕಿ ಸಮುದ್ರದ ಮಹಿಮೆ ಹೇಳಿದಳಂತೆ. ಅಲ್ಲಿಯವರೆಗೆ ಕೆರೆಗಿಂತ ದೊಡ್ಡ ನೀರನ್ನು ನೋಡದ ಅವ್ವ ಸಮುದ್ರರಾಜನಿಗೆ ಹರಕೆ ಹೊತ್ತಳು. ಹುಡುಗ ಉಳಿದರೆ ಸೋಮವತಿ ಅಮಾವಾಸ್ಯೆಯ ದಿನ ಅವನ ಕೈ ಹಿಡಿದುಕೊಂಡು ಸಮುದ್ರದಲ್ಲಿ ಮೂರು ಮುಳುಗು ಹಾಕುತ್ತೇನೆ ಎಂದು. ಹುಡುಗ ಉಳಿದ, ಓದಿದ, ಮುಂಬಯಿಗೆ ಬಂದು ದೊಡ್ಡ ಮನುಷ್ಯನಾದ. ಹರಕೆ ಮಾತ್ರ ಹಾಗೆಯೇ ಉಳಿಯಿತು.

ಸಮುದ್ರದ ಊರಿಗೇ ಬಂದ ಮೇಲೆ ತಡವೇನು ಎನ್ನುತ್ತೀರಿ. ತಡ ಇರುವುದು ಸೋಮವಾರದಲ್ಲಿ. ಸೋಮವತಿ ಎಂದರೆ ಸೋಮವಾರ ಬಂದ ಅಮಾವಾಸ್ಯೆ, ಅದು ಬರುವುದೇ ವರ್ಷಕ್ಕೆ ಒಂದೋ ಎರಡೋ. ಈ ಊರಿನಲ್ಲಿ ಸೋಮವಾರ ಆಫೀಸು. ಅವ್ವ ಮುಂಬಯಿಗೆ ಬಂದ ಮೇಲೆ ನಾಲ್ಕು ಸೋಮವತಿಗಳು ಬಂದು ಹೋದವು. ನಾಲ್ಕು ಸಲವೂ ಅಣ್ಣನಿಗೆ ಮೀಟಿಂಗು. ಬೇರೆ ದಿನ ಮುಳುಗಿ ಬರೋಣವೆಂದರೆ ಅವ್ವ ಒಪ್ಪುವುದಿಲ್ಲ. ಪರ್ವಕಾಲ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಬಾರದು ಎನ್ನುವುದು ನಮ್ಮಲ್ಲಿ ಹಿಂದಿನಿಂದ ಬಂದ ಮಾತು. ಜುಹೂಗೆ ಎರಡು ಸಲ ಕರೆದುಕೊಂಡು ಹೋಗಿದ್ದೆ. ಊರೆಲ್ಲ ಮೊಣಕಾಲ ತನಕ ನೀರಿಗಿಳಿದು ಭೇಲ್ ತಿನ್ನುತ್ತಿದ್ದರೆ ಇವಳು ಹತ್ತು ಹೆಜ್ಜೆ ದೂರ ನಿಂತು ಕೈಮುಗಿದಳು. ತೆರೆ ಹತ್ತಿರ ಬಂದರೆ ಸೀರೆ ಎತ್ತಿಕೊಂಡು ಹಿಂದೆ ಸರಿದಳು.

ಆ ಸಲ ಮಾಟುಂಗದ ಭಟ್ಟರ ಹತ್ತಿರ ಪಂಚಾಂಗ ತೋರಿಸಿಕೊಂಡು ಬಂದೆ. ಸೋಮವತಿ ಅಮಾವಾಸ್ಯೆ, ಬೆಳಿಗ್ಗೆ ಹನ್ನೊಂದು ಇಪ್ಪತ್ತರವರೆಗೆ ತಿಥಿ. ಆಮೇಲೆ ಪಾಡ್ಯ. ಅಣ್ಣನ ಮನೆಗೆ ಹೋಗಿ ಎದುರು ಕೂತು ಹೇಳಿದೆ. ಆಶ್ಚರ್ಯವೆಂದರೆ ಅವನು ಕೂಡಲೇ ಒಪ್ಪಿಕೊಂಡ. ಅವನ ಕಂಪನಿಗೆ ಮಢ್ ರಸ್ತೆಯಲ್ಲಿ ಸಮುದ್ರದ ಪಕ್ಕ ಒಂದು ಬಂಗಲೆ ಇತ್ತು. ಆಫೀಸರುಗಳು ಸರದಿಯ ಮೇಲೆ ಹೋಗಿ ಹವಾ ತಿಂದು ಬರುತ್ತಿದ್ದರು. "ಶನಿವಾರ, ರವಿವಾರ, ಸೋಮವಾರ ಮೂರು ದಿನ ಬಂಗ್ಲೆ ನಮ್ಮದು. ಸೋಮವಾರ ರಜಾ ಹಾಕ್ತೀನಿ. ಕಾರು ಅದ, ಇನ್ನೇನು ಚಿಂತಿ?" ಎಂದ. ಅವ್ವ ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ.

ಶನಿವಾರ ಕಾರಿನಲ್ಲಿ ಅಣ್ಣ, ಅವನ ಹೆಂಡತಿ ವೈನಿ, ಅವ್ವ, ಮೂರು ಗಾದಿ, ಸ್ಟೋವು, ನೀರಿನ ಹಂಡೆ. ನನಗೆ ಜಾಗವಿರಲಿಲ್ಲ. ಲೋಕಲ್ ಹಿಡಿದು ಮಾಲಾಡಿಗೆ ಬಂದು, ಸ್ಟೇಷನ್ನಿನ ಹೊರಗೆ ಬಸ್ಸಿಗೆ ಮುಕ್ಕಾಲು ತಾಸು ನಿಂತು, ಕಂಡಕ್ಟರು ಹೇಳಿದ ಸ್ಟಾಪಿನಲ್ಲಿ ಇಳಿದು, ಅಲ್ಲಿಂದ ಒಂದು ಮೈಲಿ ಉಸುಕಿನ ದಾರಿ ನಡೆದು ಬಂಗಲೆ ಮುಟ್ಟಿದಾಗ ಮಧ್ಯಾಹ್ನ. ಅವರು ಉಂಡು ಮಲಗಿದ್ದರು. ಕಾರಿದ್ದವರಿಗಾಗಿಯೇ ಮಾಡಿದ ಜಾಗ ಅದು. ಬಂಗಲೆಗಳ ಗೇಟು, ತಾಳೆಮರ, ಒಣಗಿದ ಮೀನಿನ ವಾಸನೆ, ಮತ್ತೆ ಗೇಟು. ಒಂದು ಅಂಗಡಿಯಿಲ್ಲ, ಕೇಳಲು ಒಬ್ಬ ಮನುಷ್ಯನಿಲ್ಲ.

ಬಂಗಲೆಯ ಹಿಂದೆಯೇ ಸಮುದ್ರವಿತ್ತು, ಆದರೆ ಅಲ್ಲಿ ಬರೀ ಬಂಡೆ. ಇಳಿಯಬೇಡಿ, ನೀರು ಒಳಗೆ ಎಳೆಯುತ್ತದೆ ಎಂದು ಕಾವಲಿನವನು ಕೈಮುಗಿದು ಹೇಳಿದ. ಮುಳುಗಲು ಸರಿಯಾದ ಜಾಗ ಮಾರ್ವೆಯ ದಂಡೆ, ಮೂರು ನಾಲ್ಕು ಮೈಲಿ ಹಿಂದಕ್ಕೆ. ರವಿವಾರ ಕಾರಿನಲ್ಲಿ ಎಲ್ಲರೂ ಹೋಗಿ ನೋಡಿಕೊಂಡು ಬಂದೆವು. ಹತ್ತು ನಿಮಿಷದ ದಾರಿ. ಅಣ್ಣ ಚಡ್ಡಿ ಹಾಕಿಕೊಂಡು ನೀರಿಗಿಳಿದು ಅವ್ವನನ್ನು ಕರೆದ.

"ಅವ್ವಾ, ಇವತ್ತ ಮುಳುಗಿಬಿಡು. ನೀರು ಅದ, ನಾ ಇದ್ದೇನಿ. ಇನ್ನೇನು ಬೇಕು?"

"ತಿಥಿ ಬೇಕು," ಎಂದಳು ಅವ್ವ. ಮುಖ ನಗುತ್ತಿತ್ತು, ಕಾಲು ಮಾತ್ರ ಒಂದು ಹೆಜ್ಜೆ ಮುಂದೆ ಬರಲಿಲ್ಲ. ನನಗೆ ಅವಳ ಮೇಲೆ ಅಭಿಮಾನ ಉಕ್ಕಿತು. ಮಗ ಕರೆದರೂ ಕದಲಲಿಲ್ಲವಲ್ಲ ಎಂದು.

ಸೋಮವಾರ ಬೆಳಗಾಗುವ ಮೊದಲೇ ಅವ್ವ ಎದ್ದು ಬಾವಿಯ ನೀರು ಸುರಿದುಕೊಂಡು ಮಡಿ ಸೀರೆ ಉಟ್ಟಳು. ಹಿಂದಿನ ಸಂಜೆ ಯಾರೂ ಮುಟ್ಟದ ಹಾಗೆ ಮೇಲೆ ಹಗ್ಗಕ್ಕೆ ಒಣಹಾಕಿದ ಒಂಬತ್ತು ಗಜದ ಸೀರೆ. ಕಾರಿನ ಸೀಟಿಗೆ ಹಾಸಲು ಉಣ್ಣೆಯ ಧಾಬಳಿ ಮಡಚಿ ಇಟ್ಟುಕೊಂಡು, ಯಾರನ್ನೂ ಸೋಕದೆ ವರಾಂಡದ ಮೂಲೆಯಲ್ಲಿ ಕೂತಳು. ಏಳು ಗಂಟೆಗೆ ಅಣ್ಣ ಪ್ಯಾಂಟು ಶರ್ಟು ಹಾಕಿಕೊಂಡು ಹೊರಗೆ ಬಂದ.

"ನಮ್ಮ ಸಾಹೇಬರು ಮಾಲಾಡ್ ಸ್ಟೇಷನ್ನಿಗೆ ಬರ್ತಾರ. ಮಿಸೆಸ್ಸಿಗೆ ಇದೆಲ್ಲ ನೋಡೂದದಂತ. ಅವರ ಗಾಡಿ ಗ್ಯಾರೇಜಿನ್ಯಾಗ ಅದ. ಕರಕೊಂಡು ಬಂದು ಬಿಡ್ತೀನಿ, ಅರ್ಧ ತಾಸು," ಎಂದು ಕೀಲಿಕೈ ತಿರುಗಿಸುತ್ತ ಹೋಗಿಯೇಬಿಟ್ಟ.

ಸಾಹೇಬರು ಬರುವುದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ವೈನಿಗೆ ಮೊದಲೇ ಗೊತ್ತಿತ್ತು. ಹಿಂದಿನ ದಿನವೇ ಬೇಳೆ ನೆನೆಹಾಕಿದ್ದಳು. ಅಂದರೆ ಬಂಗಲೆ ತೆಗೆದುಕೊಂಡದ್ದು, ರಜೆ ಹಾಕಿದ್ದು, ಎಲ್ಲ ಸಾಹೇಬರ ಸಲುವಾಗಿ. ಅವ್ವನ ಹರಕೆ ಅದರ ಜೊತೆಗೆ ಕೊಸರು. ನನ್ನ ಮೈಯೆಲ್ಲ ಉರಿದುಹೋಯಿತು. "ಕ್ಯಾ ಕರೇ, ಏನ ಮಾಡೂದು ತಂಗೀ, ಪ್ರಮೋಷನ್ನಿನ ಮಾತು ನಡದದ," ಎಂದಳು ವೈನಿ, ನನ್ನ ಮುಖ ನೋಡದೆ. ಅವಳನ್ನು ಬೈದು ಪ್ರಯೋಜನವಿರಲಿಲ್ಲ. ಅವಳೂ ಆರು ಗಂಟೆಯಿಂದ ಸ್ಟೋವಿನ ಮುಂದೆ ನಿಂತಿದ್ದಳು.

ಎಂಟೂವರೆಯಾದರೂ ಕಾರಿಲ್ಲ. ಬಂಗಲೆಯಲ್ಲಿ ಫೋನಿಲ್ಲ. ಅವ್ವ ಗೇಟನ್ನೇ ನೋಡುತ್ತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅವ್ವಾ, ಏಳು. ನಾವು ಬಸ್ಸಿಗೆ ಹೋಗೂಣು. ಅವ ನೇರ ಮಾರ್ವೆಗೆ ಬರ್ಲಿ."

"ಮಡಿ ಉಟ್ಟೀನಲ್ಲ, ಬಸ್ಸಿನ್ಯಾಗ ಹ್ಯಾಂಗ ಬರ್ಲಿ?"

"ಮಡಿ ನೋಡ್ಕೋತ ಕೂತರ ತಿಥಿ ಹೋಗ್ತದ."

ತಿಥಿ ಎಂದ ಕೂಡಲೇ ಎದ್ದಳು. ಅಣ್ಣ ಬಂದ ಕೂಡಲೇ ಮಾರ್ವೆಯ ದಂಡೆಗೆ ಕಳಿಸಿರೆಂದು ವೈನಿಗೆ ಹೇಳಿ, ಧಾಬಳಿ ಹೆಗಲ ಮೇಲೆ ಹಾಕಿಕೊಂಡು ಹೊರಟೆವು. ಅವ್ವ ಮುಂದೆ, ಸೋಕಬಾರದೆಂದು ನಾನು ನಾಲ್ಕು ಮಾರು ಹಿಂದೆ. ಉಸುಕಿನಲ್ಲಿ ಅವಳ ಬರಿಗಾಲುಗಳು ಹೂತುಹೋಗುತ್ತಿದ್ದವು.

ಬಸ್ ಸ್ಟಾಪಿಗೆ ಬರುವುದಕ್ಕೂ ಬಸ್ಸು ಬರುವುದಕ್ಕೂ ಸರಿಹೋಯಿತು. ಒಳಗೆ ಇಡೀ ಬಸ್ಸು ಮಾಲಾಡ್ ಮಾರ್ಕೆಟ್ಟಿಗೆ ಹೊರಟ ಮೀನುಗಾರ ಹೆಂಗಸರು. ಕಾಲಿಡುವ ಜಾಗದಲ್ಲೆಲ್ಲ ಮೀನಿನ ಬುಟ್ಟಿ, ಬುಟ್ಟಿಯಿಂದ ಸೋರುವ ನೀರು. ಅವ್ವ ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟು, ಒಳಗೆ ನೋಡಿ, ಇಳಿದುಬಿಟ್ಟಳು. "ಯೇತಾ ಕಾ ನಾಹೀ?" ಬರುತ್ತೀರೋ ಇಲ್ಲವೋ ಎಂದು ಕಂಡಕ್ಟರು ಕೇಳಿದ. ಅವ್ವ ತಲೆಯಾಡಿಸಿದಳು. ಗಂಟೆ ಹೊಡೆದು ಹೊರಟೇಹೋದ. ಮುಂದಿನ ಬಸ್ಸು ಯಾವಾಗಲೋ ದೇವರಿಗೇ ಗೊತ್ತು.

ನಡೆಯತೊಡಗಿದೆವು. ಸ್ವಲ್ಪ ಹೊತ್ತಿಗೆ ಯಾರನ್ನೋ ಬಂಗಲೆಗೆ ಬಿಟ್ಟು ಖಾಲಿ ಹೋಗುತ್ತಿದ್ದ ಟಾಂಗಾ ಬಂತು. ನಾನು ರಸ್ತೆಯ ನಡುವೆ ನಿಂತು ಅಡ್ಡಹಾಕಿದೆ. ಅವ್ವ ಹತ್ತಿರ ಬಂದು ಸೀಟನ್ನು ಬಗ್ಗಿ ನೋಡಿದಳು.

"ತೊಗಲಿನ ಗಾದಿ ಅದ," ಎಂದಳು.

"ಅವ್ವಾ, ಧಾಬಳಿ ಹಾಸ್ತೀನಿ."

"ತೊಗಲಿನ ಮ್ಯಾಲೆ ಹಾಸಿದರ ಧಾಬಳಿನೂ ಕೆಟ್ಟಿತು."

"ಮತ್ತ ಅಣ್ಣನ ಕಾರಿನ ಸೀಟು?"

"ಅದು ರೆಕ್ಸಿನ್. ನಾ ಅವನ ಕೇಳೇನಿ."

ಟಾಂಗಾದವನು ನಮ್ಮಿಬ್ಬರ ಜಗಳವನ್ನು ಒಂದು ನಿಮಿಷ ನೋಡಿ, ಕುದುರೆಗೆ ಚಬಕ ಬೀಸಿ ಹೋದ. ನಾನು ಅವ್ವನನ್ನು ಬಾಯಿಗೆ ಬಂದ ಹಾಗೆ ಅಂದೆ. ನಿನ್ನ ಮಡಿ ನಿನ್ನ ತೊಗಲು ಎಲ್ಲ ನನ್ನ ಮುಂದೆ ಮಾತ್ರ, ಮಗನ ಮುಂದೆ ಬಾಯಿ ಬಿಡುವುದಿಲ್ಲ ಎಂದೆ. ಅವಳು ಬಿಸಿಲೇರಿದ್ದ ಡಾಂಬರಿನ ಅಂಚಿನಲ್ಲಿ ಹುಲ್ಲು ಹುಡುಕಿ ಕಾಲಿಡುತ್ತ ನಡೆದಳು.

ಒಂಬತ್ತೂವರೆಯ ಹೊತ್ತಿಗೆ ಎದುರಿನಿಂದ ಅಣ್ಣನ ಕಾರು ಬಂತು. ದೂರದಿಂದಲೇ ಗುರುತು ಹಿಡಿದು ಅವ್ವ ರಸ್ತೆಯ ಪಕ್ಕ ನಿಂತು ಧಾಬಳಿ ಬಿಚ್ಚತೊಡಗಿದಳು. ಹಿಂದಿನ ಸೀಟಿನಲ್ಲಿ ಕಪ್ಪು ಕನ್ನಡಕದ ಒಬ್ಬ ಗಂಡಸು, ತಲೆಗೆ ಬಣ್ಣದ ಸ್ಕಾರ್ಫ್ ಕಟ್ಟಿದ ಒಬ್ಬ ಹೆಂಗಸು. ಅಣ್ಣ ನಮ್ಮನ್ನು ನೋಡಿದ. ಹಾರ್ನ್ ಒತ್ತಿದ. ಕಿಟಕಿಯಿಂದ ಕೈ ಹೊರಗೆ ಹಾಕಿ ಐದು ಬೆರಳು ತೋರಿಸಿದ. ಕಾರು ನಿಲ್ಲಲಿಲ್ಲ. ಧೂಳೆಬ್ಬಿಸಿಕೊಂಡು ಮಢ್ ಕಡೆಗೆ ಹೋಯಿತು.

"ಕಂಡಿ? ಐದ ಮಿನಿಟ ಅಂದ," ಎಂದಳು ಅವ್ವ. ಅವಳ ದನಿಯಲ್ಲಿ ಎಂಥ ಸಂತೋಷವಿತ್ತೆಂದರೆ ಅದನ್ನು ನೆನೆದರೆ ಇವತ್ತಿಗೂ ನನ್ನ ಹೊಟ್ಟೆಯಲ್ಲಿ ಬೆಂಕಿ ಬೀಳುತ್ತದೆ.

ಹೆತ್ತ ತಾಯಿ ಅರವತ್ತರ ವಯಸ್ಸಿನಲ್ಲಿ ಬರಿಗಾಲಲ್ಲಿ ಡಾಂಬರು ರಸ್ತೆಯ ಮೇಲೆ ನಿಂತಿದ್ದಾಳೆ. ಅವಳು ಯಾರೆಂದು ಸಾಹೇಬರ ಮುಂದೆ ಹೇಳಲು ಅವನಿಗೆ ನಾಚಿಕೆಯೋ ಏನೋ. ಕಾರು ನಿಲ್ಲಿಸಿ ಒಂದು ಮಾತು ಆಡಿದ್ದರೆ ಸಾಹೇಬರೇನು ನುಂಗಿಬಿಡುತ್ತಿದ್ದರೇ? ಇದನ್ನು ನಾನು ಆಮೇಲೆ ಅವನಿಗೆ ಎಷ್ಟು ಸಲ ಮನಸ್ಸಿನಲ್ಲಿಯೇ ಕೇಳಿದ್ದೇನೋ ಲೆಕ್ಕವಿಲ್ಲ.

ಐದು ನಿಮಿಷದ ಸಲುವಾಗಿ ಒಂದು ಮರದ ಕೆಳಗೆ ಮುಕ್ಕಾಲು ತಾಸು ಕೂತೆವು. ನಾನು ನಡೆಯೋಣವೆಂದರೆ ಅವ್ವ ಏಳಲಿಲ್ಲ. ಅವನು ಬಂದಾಗ ಇಲ್ಲದಿದ್ದರೆ ಅವನಿಗೆ ತೊಂದರೆ ಎನ್ನುವುದು ಅವಳ ವಾದ. ಹತ್ತು ಗಂಟೆ ದಾಟಿದ ಮೇಲೆ ಬಸ್ಸು ಬಂತು. ಅದೂ ತುಂಬಿತ್ತು, ಅದರಲ್ಲೂ ಬುಟ್ಟಿಗಳಿದ್ದವು. ಈ ಸಲ ಅವ್ವನೇ ಕೈ ಅಡ್ಡಹಾಕಿದಳು.

"ಅವ ಬ್ಯಾರೆ ದಾರೀಲೆ ಮಾರ್ವೆಗೆ ಹೋಗಿ ನಮ್ಮ ಹಾದಿ ಕಾಯಕೋತ ನಿಂತಿದ್ದರ?" ಎಂದಳು.

ಅಲ್ಲಿ ಬೇರೆ ದಾರಿಯೇ ಇಲ್ಲ. ನಾನು ಹೇಳಲಿಲ್ಲ. ಹತ್ತಿದರೆ ಸಾಕಾಗಿತ್ತು. ಒಬ್ಬ ಮೀನುಗಾರ ಹೆಂಗಸು ತನ್ನ ಬುಟ್ಟಿಯನ್ನು ತೊಡೆಯ ಮೇಲೆ ಎತ್ತಿಕೊಂಡು, "ಬಸ್ ಗ ಆಜೀ," ಕೂತುಕೋ ಅಜ್ಜಿ ಎಂದು ಸರಿದಳು. ಅವ್ವ ಕೂತಳು. ಬುಟ್ಟಿಯ ನೀರು ಮಡಿ ಸೀರೆಯ ಅಂಚಿಗೆ ಇಳಿಯುವುದನ್ನು ನೋಡಿದಳು, ಕಣ್ಣು ಮುಚ್ಚಿಕೊಂಡಳು. ಸಮುದ್ರದಲ್ಲಿ ಮುಳುಗಿದರೆ ಎಲ್ಲ ಹೋಗುತ್ತದೆ ಎಂದು ಇಳಿದ ಮೇಲೆ ತನಗೆ ತಾನೇ ಹೇಳಿಕೊಂಡಳು.

ಮಾರ್ವೆಯ ದಂಡೆಗೆ ಬಂದಾಗ ಹತ್ತೂ ನಲವತ್ತು. ಅಣ್ಣ ಇರಲಿಲ್ಲ. ಭರತದ ನೀರು ಏರುತ್ತ ದೋಣಿಗಳ ಬುಡದವರೆಗೆ ಬಂದಿತ್ತು. ಅಮಾವಾಸ್ಯೆಗೆಂದು ಬಂದ ಹತ್ತಾರು ಗುಜರಾತಿ, ಮರಾಠಿ ಹೆಂಗಸರು ಮುಳುಗಿ ಸೀರೆ ಹಿಂಡುತ್ತಿದ್ದರು. ಅವ್ವ ನೀರಿನ ಕಡೆಗೆ ನೋಡಲಿಲ್ಲ. ರಸ್ತೆಯ ಕಡೆಗೆ ಮುಖ ಮಾಡಿ ನಿಂತಳು. ನಿಮಿಷಕ್ಕೊಮ್ಮೆ ಟೈಮು ಕೇಳಿದಳು. ಹನ್ನೊಂದು ಆಯಿತು. ಹನ್ನೊಂದು ಐದಾಯಿತು.

"ಅವ್ವಾ, ನನ್ನ ಕೈ ಹಿಡಿ. ಮುಳುಗಿಬಿಡೂಣು. ನಾನೂ ನಿನ್ನ ಹೊಟ್ಯಾಗ ಹುಟ್ಟಿದಾಕಿ."

"ಹರಕಿ ನಿಂದಲ್ಲ ತಂಗೀ," ಎಂದಳು, ಮೆತ್ತಗೆ.

ಆಗ ನನ್ನ ಬಾಯಿಂದ ಬರಬಾರದ ಮಾತು ಬಂತು. ಎಷ್ಟು ವರ್ಷದಿಂದ ಒಳಗಿತ್ತೋ. "ನನಗೂ ಒಮ್ಮೆ ಕಾಮಣಿ ಬ್ಯಾನಿಯಾಗಿ ಸಾಯೋ ಹಂಗ ಆಗಿತ್ತು. ಆವಾಗ ಏನು ಹರಕಿ ಹೊತ್ತಿದ್ದಿ?"

ಅವ್ವ ನಿಜವಾಗಿಯೂ ನೆನಪಿಸಿಕೊಳ್ಳಲು ನೋಡಿದಳು. ಹುಬ್ಬು ಗಂಟಿಕ್ಕಿ, ರಸ್ತೆಯ ಮೇಲಿನ ಕಣ್ಣು ತೆಗೆದು ನನ್ನನ್ನು ನೋಡಿದಳು.

"ಆವಾಗ ಔಷಧ ಸಿಕ್ಕಿತ್ತು," ಎಂದಳು.

ಅವಳು ಸುಳ್ಳು ಹೇಳಲಿಲ್ಲ. ಕೆಟ್ಟ ಮನಸ್ಸಿನಿಂದಲೂ ಹೇಳಲಿಲ್ಲ. ಅದಕ್ಕೇ ಅದು ಅಷ್ಟು ಆಳಕ್ಕೆ ಹೋಗಿ ಕೂತಿತು.  ವಾಚು ನೋಡುತ್ತ ನಿಂತೆ. ಹನ್ನೊಂದು ಹದಿನೈದು. ಹನ್ನೊಂದು ಇಪ್ಪತ್ತು. ಅವಳು ಕೇಳಲಿಲ್ಲ, ನಾನೇ ಹೇಳಿದೆ, "ಮುಗೀತು" ಎಂದು. ಅವ್ವ ಅಲ್ಲಿಯೇ ಉಸುಕಿನ ಮೇಲೆ ಕೂತಳು. ಸೆರಗಿನಿಂದ ಮುಖ ಒರೆಸಿಕೊಂಡಳು, ಬೆವರೋ ಕಣ್ಣೀರೋ ತಿಳಿಯಲಿಲ್ಲ. ನನಗೆ ಅವಳ ಮೇಲೆ ಅಯ್ಯೋ ಅನ್ನಿಸಿತು, ಅದರ ಜೊತೆಗೇ ಒಂದು ಕೆಟ್ಟ ಸಮಾಧಾನವೂ ಆಯಿತು. ಇನ್ನಾದರೂ ಮಗ ಎಂಥವನೆಂದು ತಿಳಿಯಿತಲ್ಲ ಎಂದುಕೊಂಡೆ.

ಹನ್ನೆರಡೂಕಾಲಿಗೆ ಕಾರು ಬಂದು ದಂಡೆಯ ಮೇಲೆ ನಿಂತಿತು. ಅಣ್ಣ ಒಬ್ಬನೇ ಇಳಿದು ಬಂದ. ಸಾಹೇಬರು, ಅವರ ಹೆಂಡತಿ ಕಾರಿನಲ್ಲೇ ಕೂತಿದ್ದರು. ಅವರಿಗೆ ಮಢ್‌ನ ಹಳೆಯ ಕೋಟೆ ತೋರಿಸಿ, ಊಟ ಹಾಕಿಸಿ, ವಾಪಸ್ ಸ್ಟೇಷನ್ನಿಗೆ ಬಿಡಲು ಹೊರಟಿದ್ದ. ದಾರಿಯಲ್ಲಿ ನಾವು. ಅವನು ಬೂಟು ಬಿಚ್ಚಿ, ಪ್ಯಾಂಟು ಮೊಣಕಾಲ ತನಕ ಮಡಚಿದ.

"ಯಾಕ ಮಾರಿ ಸಣ್ಣ ಮಾಡಿಕೊಂಡು ಕೂತಿ ಅವ್ವಾ? ಸಮುದ್ರ ಎಲ್ಲಿಗೆ ಓಡಿ ಹೋಗ್ತದ? ಬಾ, ಲಗೂ ಮುಳುಗು."

 ನಿನ್ನೆ ಹೇಳಿದ ಮಾತನ್ನೇ ಇವತ್ತೂ ಹೇಳುತ್ತಾಳೆ, ಅವನ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಾಳೆ ಎಂದು ಕಾಯುತ್ತಿದ್ದೆ. ಅವ್ವ ಎದ್ದಳು. ಸೀರೆಗೆ ಅಂಟಿದ ಉಸುಕು ಜಾಡಿಸಿಕೊಂಡಳು. ಕೈ ಮುಂದೆ ಚಾಚಿದಳು.

"ಅವ್ವಾ, ತಿಥಿ ಹೋಗೇದ. ಪಾಡ್ಯ ಹತ್ತೇದ. ಮುಟ್ಟಬಾರದು," ಎಂದೆ.

"ನೀ ಸುಮ್ಮನಿರು," ಎಂದಳು. "ಅವ ಬಂದಾನ."

ಇಬ್ಬರೂ ನೀರಿಗಿಳಿದರು. ಹತ್ತಿರ ಬಂದ ತೆರೆಗೆ ಸೀರೆ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದ ನಮ್ಮ ಅವ್ವ ಮೊಣಕಾಲ ನೀರಿನಲ್ಲಿ ಕುಕ್ಕರಿಸಿ ಕೂತು, ಮಗನ ಕೈ ಎದೆಗೆ ಒತ್ತಿ ಹಿಡಿದುಕೊಂಡು, ಒಂದು, ಎರಡು, ಮೂರು ಮುಳುಗು ಹಾಕಿದಳು. ಅಣ್ಣ ಪ್ಯಾಂಟು ನೆನೆಯದ ಹಾಗೆ ಬಗ್ಗಿ ನಿಂತಿದ್ದ. ಮೇಲೆದ್ದ ಅವ್ವನ ಮುಖವನ್ನು ನಾನು ನೋಡಿದೆ. ಅಷ್ಟು ತೃಪ್ತಿಯನ್ನು ಆ ಮುಖದ ಮೇಲೆ ನಾನು ಅದಕ್ಕೆ ಮುಂಚೆ ಕಂಡಿರಲಿಲ್ಲ, ಆಮೇಲೂ ಕಾಣಲಿಲ್ಲ.

ಕಾರಿನ ಮುಂದಿನ ಸೀಟಿಗೆ ಧಾಬಳಿ ಹಾಸಿ ಅವ್ವನನ್ನು ಕೂಡಿಸಿದ. ಹಿಂದೆ ಸಾಹೇಬರ ಜೊತೆ ಮೇಡಮ್ಮಿನ ಬುಟ್ಟಿ, ಛತ್ರಿ, ಎರಡು ಎಳನೀರಿನ ಗೊಂಚಲು. ನಾನು ಬಾಗಿಲ ಹತ್ತಿರ ನಿಂತೇ ಇದ್ದೆ.

"ನೀ ಬಸ್ಸಿನ್ಯಾಗ ಬಂಗ್ಲೆಗೆ ಹೋಗಿಬಿಡು. ನಿನಗ ರೂಢಿ ಅದ," ಎಂದ ಅಣ್ಣ.

ಅವ್ವ ಕಿಟಕಿಯಿಂದ ನೋಡಿ ಹೌದೆನ್ನುವಂತೆ ತಲೆಯಾಡಿಸಿದಳು. ಕಾರು ಹೋಯಿತು. ನನಗೆ ಬಸ್ಸು ಸಿಕ್ಕಿದ್ದು ಎರಡು ಗಂಟೆಗೆ. ಅಷ್ಟು ಹೊತ್ತು ಆ ದಂಡೆಯ ಮೇಲೆ ನಿಂತು, ಕನ್ನಡದಲ್ಲಿ ಎಷ್ಟು ಬೈಗುಳಗಳಿವೆಯೋ ಅಷ್ಟನ್ನೂ ಒಂದೊಂದಾಗಿ ಬೈದೆ. ಶಾಲೆಯ ಟೀಚರಿಗೆ ಅಷ್ಟೆಲ್ಲ ಗೊತ್ತಿರಬಾರದು. ಗೊತ್ತಿತ್ತು.

ಅಣ್ಣನಿಗೆ ಪ್ರಮೋಷನ್ ಬಂತು. ಅವ್ವ ಅದನ್ನೂ ಸಮುದ್ರರಾಜನ ಲೆಕ್ಕಕ್ಕೆ ಹಾಕಿದಳು. ಮೂರು ನಾಲ್ಕು ವರ್ಷಗಳ ಮೇಲೆ ಮಾಟುಂಗದಲ್ಲಿ ಬಳಗದವರ ಮನೆಯ ತೊಟ್ಟಿಲ ಕಾರ್ಯಕ್ಕೆ ಹೋಗಿದ್ದೆವು. ಊಟವಾದ ಮೇಲೆ ಹೆಂಗಸರು ಎಲೆಯಡಿಕೆ ಹಾಕಿಕೊಂಡು ಕೂತಿದ್ದರು, ಮಾತು ಹರಕೆಗಳ ಕಡೆಗೆ ತಿರುಗಿತು. ಅವ್ವ ಕಾಲು ನೀಡಿಕೊಂಡು ಶುರುಮಾಡಿದಳು.

"ನನ್ನ ಮಗ ಆಫೀಸಿಗೆ ರಜಾ ಹಾಕಿ, ತನ್ನ ಕಾರಿನ್ಯಾಗ ಕೂಡಿಸಿಕೊಂಡು ಹೋಗಿ, ಸೋಮವತಿ ಅಮಾಸಿ ದಿನ ನನ್ನ ಕೈ ಹಿಡದು ಸಮುದ್ರಸ್ನಾನ ಮಾಡಿಸಿದ ನೋಡ್ರಿ. ನನ್ನ ಕಾಲು ನೆಲಕ್ಕ ತಾಗಗೊಡಲಿಲ್ಲ."

ಎಲ್ಲರೂ ಅಂಥ ಮಗನನ್ನು ಹೊಗಳಿದರು. ಅವ್ವ ಸುಣ್ಣ ಹಚ್ಚಿದ ಎಲೆಯನ್ನು ನನ್ನ ಕಡೆಗೆ ಚಾಚಿ, ಆಗಷ್ಟೇ ಹೊಳೆದವರ ಹಾಗೆ ಕೇಳಿದಳು.

"ನೀ ಆವತ್ತ ನಮ್ಮ ಜೋಡಿ ಬಂದಿದ್ದೇನವಾ?"

ಅವಳು ನನ್ನನ್ನು ಕೆಣಕುತ್ತಿರಲಿಲ್ಲ. ಅವಳಿಗೆ ನಿಜವಾಗಿಯೂ ನೆನಪಿರಲಿಲ್ಲ. ನಾನು ಎಲೆ ತೆಗೆದುಕೊಂಡೆ.

"ಇಲ್ಲವ್ವಾ," ಎಂದೆ. "ನನಗ ಬಸ್ಸು ಸಿಗಲಿಲ್ಲ."

"ಹೌದು ಮತ್ತ," ಎಂದು ಅವ್ವ ಉಳಿದವರ ಕಡೆಗೆ ತಿರುಗಿದಳು. "ಅಲ್ಲಿಗೆ ಕಾರಿಲ್ಲದ ಹೋಗೂದು ಆಗೂದಿಲ್ಲ."